ಪ್ಯಾಂಟಿನ ಕಾಲಲ್ಲಿ ಇನ್ಸ್‌ಪೆಕ್ಟರು

ಜನವರಿ ಹನ್ನೊಂದು

ಗುಬ್ಬಿ,

ನಾನಿಲ್ಲಿ ಚೆನ್ನಾಗಿದ್ದೀನಿ. ಚೆನ್ನಾಗಿಲ್ಲ, ಆದ್ರೆ ಪತ್ರ ಹೀಗೇ ಶುರು ಮಾಡ್ಬೇಕು ಅಂತ ಶಾಲೇಲಿ ಹೇಳಿಕೊಟ್ಟಿದ್ರು. ಮುಂದಿನದನ್ನ ಹೇಳಿಕೊಡೋ ಹೊತ್ತಿಗೆ ನಾನು ಶಾಲೆ ಬಿಟ್ಟು ಹೊಲಿಗೆ ಮಿಷನ್ನಿನ ಮುಂದೆ ಕೂತಾಗಿತ್ತು. ಫೋನ್ ಯಾಕೆ ಮಾಡಲಿಲ್ಲ ಅಂತೀಯ. ಫೋನಲ್ಲಿ ನೀನು "ಹೇಳಕ್ಕ" ಅಂದ ತಕ್ಷಣ ನನಗೆ ಅಳು ಬರುತ್ತೆ, ಯಾರಿಗೇನಾಯ್ತೋ ಅಂತ ನೀನು ಹೆದರ್ತೀಯ, ಹೇಳಬೇಕಾದ್ದು ಮಾತ್ರ ಹೇಳದೆ ಉಳಿಯುತ್ತೆ. ಅದಕ್ಕೆ ಪತ್ರ.

ವಿಷಯ ಇನ್ಸ್‌ಪೆಕ್ಟರದು. ನೀನು ಅವನನ್ನ ಒಂದೇ ಸಲ ನೋಡಿರೋದು, ಕಳೆದ ಸಲ ಬಂದಾಗ ನಿನ್ನ ಸೂಟ್‌ಕೇಸಿನೊಳಗೆ ಮಲಗಿದ್ನಲ್ಲ, ಆ ಬೂದು ಬೆಕ್ಕು. ಅಂಗಡಿಗೆ ಬಂದು ಸೇರಿಕೊಂಡಾಗಲೇ ಅವನಿಗೆ ಇದ್ದದ್ದು ಒಂದೇ ಕಣ್ಣು. ಆ ಒಂದನ್ನೇ ಕಿರಿದು ಮಾಡಿಕೊಂಡು ಬಂದ ಗಿರಾಕಿಗಳನ್ನೆಲ್ಲ "ನಿನ್ನೆ ಎಲ್ಲಿದ್ದೆ" ಅಂತ ಕೇಳೋ ಹಾಗೆ ನೋಡ್ತಾನೆ, ಅದಕ್ಕೇ ಆ ಹೆಸರು. ಈಗ ಆ ಕಣ್ಣಿಗೇ ಬಂದಿದೆ. ಮೊದಲು ಸೀನಿದ. ಆಮೇಲೆ ನೀರು ಸುರೀತು. ಈಗ ಬೆಳಕು ಕಂಡ್ರೆ ಮುಖ ತಿರುಗಿಸಿ ಬಟ್ಟೆ ರಾಶಿಯೊಳಗೆ ತಲೆ ಹುದುಗಿಸ್ತಾನೆ. ಇರೋದು ಒಂದು ಕಣ್ಣು ಗುಬ್ಬಿ. ಅದೂ ಹೋದ್ರೆ ಅವನು ಗೋಡೆ ಮುಟ್ಟಿಕೊಂಡು ಓಡಾಡಬೇಕು, ನನ್ನ ಅಂಗಡಿ ತುಂಬ ಕತ್ತರಿ, ಸೂಜಿ, ಕಾದ ಇಸ್ತ್ರಿಪೆಟ್ಟಿಗೆ.

ನೀನು ಬೆಕ್ಕಿನ ಕಣ್ಣಿಗೇ ಔಷಧಿ ಮಾಡೋಳು. "ಬೇರೆಯವರ ತಂಗಿಯರು ಮನುಷ್ಯರಿಗೆ ಮಾಡ್ತಾರಪ್ಪ" ಅಂತ ಪಕ್ಕದ ಗುಂಡಿ ಅಂಗಡಿಯವಳು ಆಡಿಕೊಂಡಾಗೆಲ್ಲ ನಿನ್ನ ಪರ ವಾದಿಸಿದ್ದು ನಾನು. ಆ ಋಣಕ್ಕಾದ್ರೂ ಒಂದು ಸೀಸೆ ಕಳಿಸು.

ಇನ್ನೊಂದು ವಿಷಯ, ಇದನ್ನ ಯಾರ ಹತ್ರಾನೂ ಹೇಳಬೇಡ. ಎದುರಿನ ಔಷಧಿ ಅಂಗಡಿಯವನು ಇನ್ಸ್‌ಪೆಕ್ಟರ ಕಾಯಿಲೆಗೆ ಹರ್ಪಿಸ್ ಅಂತಾರೆ ಅಂದ. ನನ್ನ ತುಟಿ ಮೇಲೆ ಆಗಾಗ ಗುಳ್ಳೆ ಏಳುತ್ತಲ್ಲ, ಅದಕ್ಕೂ ಅದೇ ಹೆಸರಂತೆ. ನಾನು ದಿನಾ ಅವನ ಹಣೆಗೆ ಮುತ್ತು ಕೊಡ್ತೀನಿ. ಅಂದ್ರೆ ನಾನೇ ಕೊಟ್ಟೆನಾ? ಈಗ ಬಾಯಿಗೆ ಲೈನಿಂಗ್ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡ್ತಿದ್ದೀನಿ. ಗಿರಾಕಿಗಳು ನನಗೇನೋ ಅಂಟುರೋಗ ಅಂತ ಬಾಗಿಲಲ್ಲೇ ನಿಂತು ಬಟ್ಟೆ ಎಸೆದು ಹೋಗ್ತಿದ್ದಾರೆ.

ಬೇಗ ಬರಿ. ನಿದ್ದೆಗೆಟ್ಟಿರೋ,
ಅಕ್ಕ


ಜನವರಿ ಹತ್ತೊಂಬತ್ತು

ಅಕ್ಕ,

ಮೊದಲು ಬಾಯಿಯ ಬಟ್ಟೆ ಬಿಚ್ಚು. ನೀನು ಕೊಟ್ಟದ್ದಲ್ಲ. ಬೆಕ್ಕಿನ ವೈರಸ್ಸು ಬೇರೆ, ನಿನ್ನ ತುಟಿಯದು ಬೇರೆ. ಎರಡೂ ಒಂದೇ ಮನೆತನ, ಆದರೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವುದಿಲ್ಲ. ಬಹುಶಃ ಮರಿಯಾಗಿದ್ದಾಗಲೇ ಅವನಿಗೆ ಅಂಟಿದೆ, ಮೊದಲ ಕಣ್ಣು ಹೋದದ್ದೂ ಅದರಿಂದಲೇ ಇರಬಹುದು. ಅದು ನರದೊಳಗೆ ಸೇರಿಕೊಂಡು ವರ್ಷಗಟ್ಟಲೆ ನಿದ್ದೆ ಮಾಡುತ್ತದೆ. ಬೆಕ್ಕಿಗೆ ಗಾಬರಿಯಾದಾಗ, ಆಯಾಸವಾದಾಗ ಏಳುತ್ತದೆ.

ನಿನ್ನ ತುಟಿಗೆ ಹಚ್ಚುವುದನ್ನು ಅವನ ಕಣ್ಣಿಗೆ ಹಚ್ಚಬೇಡ. ಮನುಷ್ಯರ ಮಾತ್ರೆ ಪುಡಿ ಮಾಡಿ ಹಾಲಿಗೆ ಹಾಕಬೇಡ. ನೀನು ಯೋಚಿಸಿರುತ್ತೀಯ ಎಂದು ಗೊತ್ತು. ಅದರಲ್ಲಿ ಕೆಲವು ಬೆಕ್ಕಿನ ಪ್ರಾಣವನ್ನೇ ತೆಗೆಯುತ್ತವೆ.

ಸೀಸೆ ಕಳಿಸಲಾರೆ. ನಾವು ಮಾಡಿರುವುದು ಇನ್ನೂ ಔಷಧಿ ಆಗಿಲ್ಲ, ಆಗುತ್ತದಾ ಎಂದು ನೋಡುತ್ತಿದ್ದೇವೆ. ನಿನ್ನ ಊರಿನ ಪ್ರಾಣಿಗಳ ಆಸ್ಪತ್ರೆಯಲ್ಲೂ ಅದರ ಪರೀಕ್ಷೆ ನಡೆಯುತ್ತಿದೆ. ಹೋಗಿ ತೋರಿಸು. ಡಾಕ್ಟರಿಗೆ ಸರಿ ಅನಿಸಿದರೆ ಸೇರಿಸಿಕೊಳ್ಳುತ್ತಾರೆ. ನೀನು ನನ್ನ ಅಕ್ಕ ಎಂದು ನಾನೇ ಅವರಿಗೆ ತಿಳಿಸಿದ್ದೇನೆ. ಕೆಲವು ಬೆಕ್ಕಿಗೆ ನಮ್ಮ ಡ್ರಾಪ್ಸ್ ಸಿಗುತ್ತದೆ, ಕೆಲವಕ್ಕೆ ಕಣ್ಣು ತೇವ ಇಡುವ ಬರೀ ನೀರಿನಂಥದ್ದು. ಯಾವ ಸೀಸೆಯಲ್ಲಿ ಏನಿದೆ ಎಂದು ಡಾಕ್ಟರಿಗೂ ಗೊತ್ತಿರುವುದಿಲ್ಲ, ನನಗೂ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಎಲ್ಲರೂ ತಮಗೆ ಬೇಕಾದ್ದನ್ನೇ ಕಾಣುತ್ತಾರೆ. ಹುಣ್ಣು ದೊಡ್ಡದಾದರೆ ತಕ್ಷಣ ಪರೀಕ್ಷೆಯಿಂದ ತೆಗೆದು ಹಳೇ ಔಷಧಿ ಶುರು ಮಾಡುತ್ತಾರೆ, ಆ ಭಯ ಬೇಡ.

ಸೇರಿದ ಮೇಲೆ ಡ್ರಾಪ್ಸಿನ ಬಗ್ಗೆ ನನಗೆ ಬರೆಯಬೇಡ. ಬೇರೆ ಏನು ಬೇಕಾದರೂ ಬರಿ.

ಗುಬ್ಬಿ


ಜನವರಿ ಮೂವತ್ತು

ಗುಬ್ಬಿ,

ಡ್ರಾಪ್ಸಿನ ಬಗ್ಗೆ ಬರೆಯಲ್ಲ. ಬೇರೆ ವಿಷಯ ಬರೀತೀನಿ.

ಆಸ್ಪತ್ರೆಗೆ ಹೋಗಿದ್ದೆ. ಉದ್ದದ ಬೆಂಚು, ನಾಯಿಗಳೆಲ್ಲ ಒಂದು ಕಡೆ, ಬೆಕ್ಕುಗಳೆಲ್ಲ ಇನ್ನೊಂದು ಕಡೆ, ಮಧ್ಯೆ ಒಂದು ಆಮೆ. ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು, ಆದ್ರೆ ಇನ್ಸ್‌ಪೆಕ್ಟರು ಕೈ ಪರಚಿದ್ರೂ ಕೈ ಹಿಂದಕ್ಕೆ ತಗೊಳ್ಳಲಿಲ್ಲ, ಆಗಲೇ ನನಗೆ ನಂಬಿಕೆ ಬಂತು. ಕಣ್ಣಿಗೆ ಹಸಿರು ಬಣ್ಣ ಬಿಟ್ಟು, ದೀಪ ಆರಿಸಿ, ನೀಲಿ ಬೆಳಕು ಹಿಡಿದ್ರು. "ನೋಡಿ ಇಲ್ಲಿ" ಅಂದ್ರು. ಕಣ್ಣಿನ ಮೇಲೆ ಒಣಗಿದ ಕೊಂಬೆ ಥರ ಒಂದು ಗೆರೆ ಹಸಿರಾಗಿ ಹೊಳೀತಾ ಇತ್ತು. ಹುಣ್ಣು ಅಂತೆ. ನೋಡೋಕೆ ಚೆನ್ನಾಗೇ ಇತ್ತು, ಅದಕ್ಕೇ ಇನ್ನೂ ಹೆಚ್ಚು ಅಳು ಬಂತು. ಡಾಕ್ಟರಮ್ಮ ನನಗೆ ಕೂರೋಕೆ ಸ್ಟೂಲು ಕೊಟ್ರು, ಬೆಕ್ಕಿಗಿಂತ ಮೊದಲು ನನಗೆ ಉಪಚಾರ ಆಯ್ತು. ಮನೇಲಿ ಶಾಂತ ವಾತಾವರಣ ಇರಲಿ, ನೀವು ಹೆದರಿದ್ರೆ ಬೆಕ್ಕೂ ಹೆದರುತ್ತೆ ಅಂದ್ರು. ಆ ಮಾತು ಕೇಳಿದಾಗಿನಿಂದ ನನ್ನ ಹೆದರಿಕೆ ಎಲ್ಲಿ ಅವನಿಗೆ ತಗಲುತ್ತೋ ಅಂತ ಮತ್ತೂ ಹೆದರಿಕೆ.

ಸೀಸೆ ಕೊಟ್ರು. ಅದರ ಬಗ್ಗೆ ಬರೆಯಲ್ಲ.

ಬೆಂಚಿನ ಮೇಲೆ ಯಾರಿದ್ರು ಗೊತ್ತಾ? ಲೆಕ್ಕದ ಮೇಷ್ಟ್ರು. ನೆನಪಿದೆಯಲ್ಲ, ನಿನ್ನ ಕಿವಿ ಹಿಂಡ್ತಿದ್ರಲ್ಲ, ಅವರೇ. ಪ್ಯಾಂಟಿನ ಒಂದು ಕಾಲು ಗಿಡ್ಡ ಹೊಲಿದಿದ್ದೀಯ ಅಂತ ಅಂಗಡಿ ತುಂಬ ಜನರ ಮುಂದೆ ಕೂಗಾಡಿ, ಪ್ಯಾಂಟು ಬಿಸಾಕಿ ಹೋದವರು, ಅವತ್ತಿನಿಂದ ಎದುರು ಸಿಕ್ಕರೆ ರಸ್ತೆಯ ಆ ಕಡೆ ಹೋಗ್ತಾರೆ. ನಾನು ಅಳತೆ ಪ್ರಕಾರವೇ ಹೊಲಿದದ್ದು, ಅವರ ಕಾಲೇ ಒಂದು ಉದ್ದ. ಈಗ ಕೆಲಸದಿಂದ ನಿವೃತ್ತಿ ಆಗಿ, ದುಂಡಗೆ ಬೆಳ್ಳಗಿರೋ ಒಂದು ಹೆಣ್ಣು ಬೆಕ್ಕು ಸಾಕಿಕೊಂಡಿದ್ದಾರೆ. ಅದರ ಹೆಸರು ಸೊನ್ನೆ. ಅದಕ್ಕೂ ಇದೇ ಕಾಯಿಲೆ, ಇದೇ ಪರೀಕ್ಷೆ. ಒಂದೇ ಬೆಂಚಿನ ಎರಡು ತುದೀಲಿ ಕೂತು ಇಬ್ಬರೂ ಆಮೆಯನ್ನ ನೋಡಿದ್ವಿ.

ಡ್ರಾಪ್ಸ್ ಹಾಕೋದು ಹೇಗೆ ಅಂತ ಬರೆಯಬಹುದು ತಾನೇ, ಅದು ಕೈಕೆಲಸ. ಟವೆಲಲ್ಲಿ ಸುತ್ತಿದೆ, ಜಾರಿದ. ದಿಂಬಿನ ಚೀಲಕ್ಕೆ ಹಾಕಿದೆ, ಹರಿದ. ಕೊನೆಗೆ ಗೂಟದಲ್ಲಿ ವರ್ಷಾನುಗಟ್ಟಲೆ ನೇತಾಡ್ತಿದ್ದ ಮೇಷ್ಟ್ರ ಆ ಪ್ಯಾಂಟು ತೆಗೆದು, ಗಿಡ್ಡ ಕಾಲಿನೊಳಗೆ ಅವನನ್ನ ಸೊಂಟದ ಕಡೆಯಿಂದ ಬಿಟ್ಟೆ. ಸರಸರ ಒಳಗೆ ಹೋಗಿ ಕೆಳಗಿನ ಮಡಿಕೆಯಿಂದ ತಲೆ ಮಾತ್ರ ಹೊರಗೆ ಹಾಕಿದ, ಕೈಕಾಲೆಲ್ಲ ಒಳಗೆ ಬಂದೋಬಸ್ತು. ಉದ್ದ ಕಾಲಾಗಿದ್ರೆ ತಲೆ ಹೊರಗೆ ಬರ್ತಿರಲಿಲ್ಲ. ನನ್ನ ಹೊಲಿಗೆ ವ್ಯರ್ಥ ಆಗಲಿಲ್ಲ.

ಒಂದೇ ಒಂದು ಪ್ರಶ್ನೆ, ಇದು ಡ್ರಾಪ್ಸಿನ ಬಗ್ಗೆ ಅಲ್ಲ, ರುಚಿಯ ಬಗ್ಗೆ. ನಿಜವಾದ ಔಷಧಿ ಕಹಿ ಇರಬೇಕಲ್ವಾ? ನಾಲಿಗೆಗೆ ಒಂದು ತೊಟ್ಟು ಬಿಟ್ಟುಕೊಂಡೆ. ಏನೂ ಇಲ್ಲ.

ನಾಲಿಗೆ ತೊಳೆದುಕೊಂಡು ಕೂತಿರೋ,
ಅಕ್ಕ


ಫೆಬ್ರವರಿ ಏಳು

ಅಕ್ಕ,

ಬೆಕ್ಕಿನ ಔಷಧಿ ಕುಡಿಯಬೇಡ. ರುಚಿಯ ಪ್ರಶ್ನೆಗೆ ನನ್ನಲ್ಲಿ ಉತ್ತರ ಇಲ್ಲ, ಇದ್ದರೂ ಹೇಳುವುದಿಲ್ಲ. ಪ್ಯಾಂಟಿನ ಉಪಾಯವನ್ನು ಮಾತ್ರ ಇಲ್ಲಿ ಎಲ್ಲರಿಗೂ ಹೇಳಿದೆ. ನಮ್ಮ ದೊಡ್ಡ ಡಾಕ್ಟರು ನಕ್ಕವರು ಆಮೇಲೆ ಕಾಲಿನ ಸುತ್ತಳತೆ ಎಷ್ಟು ಎಂದು ಕೇಳಿದರು.

ಇಲ್ಲಿ ವಿಶೇಷವೇನಿಲ್ಲ. ನನ್ನ ಮೇಜು ಕಿಟಕಿಯ ಹತ್ತಿರಕ್ಕೆ ಬಂದಿದೆ. ಪಕ್ಕದಲ್ಲಿ ಒಂದು ಫ್ರಿಜ್ಜು, ಅದರ ಗುಂಯ್‌ಗುಡುವ ಸದ್ದು ನಿಂತರೆ ನನ್ನ ಎದೆಯೂ ನಿಲ್ಲುತ್ತದೆ, ಒಳಗಿರುವುದೆಲ್ಲ ಕೆಡುತ್ತದಲ್ಲ. ಇದಕ್ಕಿಂತ ಮುಂಚೆ ಮಾಡಿದ್ದ ಔಷಧಿ ಗಾಜಿನ ತಟ್ಟೆಯಲ್ಲಿ ವೈರಸ್ಸನ್ನು ಚೆನ್ನಾಗಿ ಕೊಂದಿತ್ತು, ಬೆಕ್ಕಿನ ಕಣ್ಣಿಗೆ ಬಿಟ್ಟಾಗ ಉರಿ ತಾಳದೆ ಎಲ್ಲವೂ ಓಡಿಹೋದವು. ಅದನ್ನು ನಿನಗೆ ಬರೆದಿರಲಿಲ್ಲ. ಈಗ ಇರುವುದು ಬೆಳಗ್ಗೆ ಸಂಜೆ ಬಿಟ್ಟರೆ ಸಾಕು. ಹಳೆಯದನ್ನು ಹೊತ್ತು ಹೊತ್ತಿಗೆ ಬಿಡುತ್ತಿರಬೇಕು, ಕೆಲಸಕ್ಕೆ ಹೋಗುವವರಿಗೆ ಆಗುವುದಿಲ್ಲ, ಅರ್ಧಕ್ಕೇ ಬಿಟ್ಟುಬಿಡುತ್ತಾರೆ.

ನಿನ್ನ ಸೊಂಟನೋವು ಹೇಗಿದೆ? ಇನ್ಸ್‌ಪೆಕ್ಟರು ಊಟ ಮಾಡುತ್ತಾನಾ? ಊಟದ ಬಗ್ಗೆ ಮಾತ್ರ ಬರಿ.

ಗುಬ್ಬಿ


ಫೆಬ್ರವರಿ ಇಪ್ಪತ್ತೆರಡು

ಗುಬ್ಬಿ,

ಊಟ ಮಾಡ್ತಾನೆ. ನಾನೇ ಮಾಡ್ತಿರಲಿಲ್ಲ, ಈಗ ಮಾಡ್ತಿದ್ದೀನಿ. ಯಾಕೆ ಅಂತ ಹೇಳ್ತೀನಿ, ಕೇಳಿದ್ರೆ ನಿನಗೂ ಸಂತೋಷ ಆಗುತ್ತೆ.

ಹೋದ ವಾರ ಮೇಷ್ಟ್ರು ಅಂಗಡಿ ಬಾಗಿಲಿಗೆ ಬಂದ್ರು. ಅಷ್ಟು ವರ್ಷದ ಮೇಲೆ. ಕೈ ತುಂಬ ಪರಚು ಗಾಯ. ಒಳಗೆ ಬರಲಿಲ್ಲ, ಹೊಸಿಲ ಆಚೆ ನಿಂತು, "ಟೈಲರಮ್ಮ, ನೀವು ಹೇಗೆ ಹಾಕ್ತೀರಿ?" ಅಂದ್ರು.

"ಏನನ್ನ?"

"ಡ್ರಾಪ್ಸು. ನನ್ನ ಸೊನ್ನೆ ಹತ್ರಕ್ಕೇ ಬಿಡಲ್ಲ."

ನಾನು ಪ್ಯಾಂಟು ಎತ್ತಿ ತೋರಿಸಿದೆ. ಗುರುತು ಹಿಡಿದ್ರು. "ಇದು ನನ್ನದು" ಅಂದ್ರು.

"ನೀವು ಬಿಸಾಕಿ ಹೋದದ್ದು. ಈಗ ಇದು ಸರ್ಕಾರಿ ಆಸ್ತಿ, ಇನ್ಸ್‌ಪೆಕ್ಟರು ಇದಾರೆ ಒಳಗೆ."

ನಗು ಬಂದದ್ದನ್ನ ಕೆಮ್ಮಿ ಮುಚ್ಚಿದ್ರು. ಆಮೇಲೆ ಒಳಗೆ ಬಂದು ಕೂತ್ರು. ನನ್ನದೇ ಚಿಂತೆ ಅವರದೂ. ಅವರ ಸೀಸೇಲಿ ಬರೀ ನೀರಿದ್ರೆ? ನನ್ನದರಲ್ಲಿ ಇದ್ರೆ? ಅವರೂ ರುಚಿ ನೋಡಿದ್ರಂತೆ, ಏನೂ ಇರಲಿಲ್ಲವಂತೆ. ಆಗ ಅವರು ನನ್ನ ಚಾಕ್ ತಗೊಂಡು, ಕತ್ತರಿಸೋ ಮೇಜಿನ ಮೇಲೇ ಬರೆದು ಲೆಕ್ಕ ಹಾಕಿದ್ರು. ಔಷಧಿ ಅರ್ಧ ಬೆಕ್ಕಿಗೆ, ನೀರು ಅರ್ಧ ಬೆಕ್ಕಿಗೆ. ನಮ್ಮ ಹತ್ರ ಇರೋದು ಎರಡು ಬೆಕ್ಕು. ಹಾಗಾದ್ರೆ ಎರಡು ಸೀಸೇಲಿ ಒಂದು ಔಷಧಿ, ಒಂದು ನೀರು. ಯಾವುದು ಯಾವುದು ಅಂತ ತಿಳಿಯೋ ಅಗತ್ಯಾನೇ ಇಲ್ಲ. ಬೆಳಗ್ಗೆ ನನ್ನ ಸೀಸೆ ಎರಡೂ ಬೆಕ್ಕಿಗೆ, ಸಂಜೆ ಅವರ ಸೀಸೆ ಎರಡೂ ಬೆಕ್ಕಿಗೆ. ಎರಡಕ್ಕೂ ಅರ್ಧರ್ಧ ಔಷಧಿ ಖಾತ್ರಿ. ಯಾರಿಗೂ ಮೋಸ ಇಲ್ಲ. ಕೆಳಗೆ ಎರಡು ಗೆರೆ ಎಳೆದು, ಚಾಕ್ ಇಟ್ಟು, ಕೈ ಕೊಡವಿಕೊಂಡ್ರು. ಮೇಷ್ಟ್ರ ಲೆಕ್ಕಕ್ಕೆ ನಾನೇನು ಹೇಳಲಿ, ನನಗೆ ಬರೋದು ಇಂಚು ಟೇಪು ಮಾತ್ರ. ಆದ್ರೆ ನನ್ನ ಮನಸ್ಸಿಗೆ ಬಹಳ ಸಮಾಧಾನ ಆಯ್ತು.

ಅವತ್ತಿನಿಂದ ಬೆಳಗ್ಗೆ ಸಂಜೆ ಸೊನ್ನೆಯನ್ನ ಬುಟ್ಟೀಲಿ ತರ್ತಾರೆ. ಈಗ ಪ್ಯಾಂಟಿನ ಎರಡೂ ಕಾಲು ಕೆಲಸಕ್ಕೆ ಬಂದಿದೆ. ಗಿಡ್ಡದರಲ್ಲಿ ಇನ್ಸ್‌ಪೆಕ್ಟರು, ಉದ್ದದರಲ್ಲಿ ಸೊನ್ನೆ, ಅವಳು ದೊಡ್ಡ ದೇಹದವಳಲ್ವಾ, ತಲೆ ಹೊರಗೆ ಬರುತ್ತೆ, ಸ್ವಲ್ಪ ಹಿಡಿಯುತ್ತೆ ಅಷ್ಟೆ. ಎರಡು ಮಡಿಕೆಯಿಂದ ಎರಡು ತಲೆ. ಮೇಷ್ಟ್ರು ಸೊಂಟಪಟ್ಟಿ ಹಿಡಿದುಕೊಳ್ತಾರೆ, ನಾನು ಬಿಡ್ತೀನಿ. ನಿನ್ನೆ ಒಬ್ಬ ಗಿರಾಕಿ ಬಂದು, ಅದನ್ನ ನೋಡಿ, ಇನ್ನೊಂದು ದಿನ ಬರ್ತೀನಿ ಅಂತ ಹೋದ.

ಕಣ್ಣು ಮೊದಲಿಗಿಂತ ಒಂದು ಕೂದಲೆಳೆ ಹೆಚ್ಚು ತೆರೀತಾನೆ ಅಂತ ನನಗನಿಸುತ್ತೆ. ಡ್ರಾಪ್ಸಿನ ಬಗ್ಗೆ ಬರೆದುಬಿಟ್ಟೆ, ತಪ್ಪು ತಿಳೀಬೇಡ. ಇದು ಡ್ರಾಪ್ಸಿನ ವಿಷಯ ಅಲ್ಲ, ಹಂಚಿಕೊಂಡು ಬಾಳೋ ವಿಷಯ.

ಹೊಟ್ಟೆ ತುಂಬ ಊಟ ಮಾಡಿರೋ,
ಅಕ್ಕ


ಫೆಬ್ರವರಿ ಇಪ್ಪತ್ತೇಳು

ಅಕ್ಕ,

ಈ ಪತ್ರ ಸಿಕ್ಕ ತಕ್ಷಣ ನಿಲ್ಲಿಸು. ನಿಲ್ಲಿಸಿ, ನೀವಿಬ್ಬರೂ ಒಟ್ಟಿಗೆ ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ಎಲ್ಲವನ್ನೂ ಹೇಳಿ. ಎರಡೂ ಬೆಕ್ಕಿಗೆ ಎರಡೂ ಸೀಸೆಯಿಂದ ಬಿಟ್ಟಿದ್ದರೆ ಯಾವುದು ಯಾವುದರಿಂದ ಗುಣವಾಯಿತು ಎಂದು ನಾವು ಹೇಗೆ ಹೇಳುವುದು? ನಾಳೆ ಇದನ್ನು ಸಾವಿರಾರು ಬೆಕ್ಕುಗಳಿಗೆ ಬಿಡುತ್ತಾರೆ. ಕೆಲಸ ಮಾಡದ್ದನ್ನು ಮಾಡುತ್ತದೆ ಎಂದುಬಿಟ್ಟರೆ ಅಷ್ಟೂ ಕಣ್ಣು ನನ್ನ ತಲೆಯ ಮೇಲೆ.

ಸೋಮವಾರದವರೆಗೆ ಕಾಯುತ್ತೇನೆ. ನೀನು ಹೇಳದಿದ್ದರೆ ನಾನು ಇಲ್ಲಿ ಹೇಳಬೇಕಾಗುತ್ತದೆ. ನೀನು ಹೇಳಿದರೇ ಚೆನ್ನ.

ಮೇಷ್ಟ್ರಿಗೆ ನನ್ನ ನಮಸ್ಕಾರ ಹೇಳಬೇಡ.

ಗುಬ್ಬಿ


ಮಾರ್ಚ್ ನಾಲ್ಕು

ಗುಬ್ಬಿ,

ಹೇಳಿದ್ವಿ.

ಬೆಂಚಿನ ಮೇಲೆ ಈ ಸಲ ಒಂದೇ ತುದೀಲಿ ಕೂತಿದ್ವಿ. ಮೇಷ್ಟ್ರು, "ಇಷ್ಟು ವರ್ಷ ಮಕ್ಕಳನ್ನ ಹೊರಗೆ ನಿಲ್ಲಿಸಿದೆ, ಹೊರಗೆ ನಿಲ್ಲೋದು ಹೀಗಿರುತ್ತೆ ಅಂತ ಗೊತ್ತಿರಲಿಲ್ಲ" ಅಂದ್ರು. ಒಳಗೆ ಹೋದ ಮೇಲೆ ಮಾತೆಲ್ಲ ನಾನೇ ಆಡಬೇಕಾಯ್ತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದ್ರು. ಪ್ಯಾಂಟಿನ ಭಾಗ ಬಂದಾಗ ಗೋಡೆ ಕಡೆ ತಿರುಗಿ ನಿಂತ್ರು, ಭುಜ ಅಲ್ಲಾಡ್ತಿತ್ತು. ನಾನು ಅವರು ಅಳ್ತಿದ್ದಾರೆ ಅಂದುಕೊಂಡು ಇನ್ನೂ ಹೆಚ್ಚು ಅತ್ತೆ. ಆಮೇಲೆ ತಿರುಗಿ, ಹೇಳಿದ್ದು ಒಳ್ಳೇದಾಯ್ತು, ಹೀಗಾಯ್ತು ಅಂತ ನಾವು ಬರೆದಿಡ್ತೀವಿ ಅಂದ್ರು. ಆಮೇಲೆ ಎರಡೂ ಸೀಸೆ ವಾಪಸು ತಗೊಂಡ್ರು.

ಎರಡೂ ಸೀಸೆ, ಗುಬ್ಬಿ.

ಈಗ ಹಳೇ ಔಷಧಿ. ಬೆಳಗಿಂದ ರಾತ್ರಿ ತನಕ ಹೊತ್ತು ಹೊತ್ತಿಗೆ. ಒಂದು ಗುಂಡಿಗೆ ಕಾಜಾ ಹಾಕೋ ಅಷ್ಟರಲ್ಲಿ ಮತ್ತೆ ಹೊತ್ತಾಗಿರುತ್ತೆ. ಅದು ಉರಿಯುತ್ತೆ, ಅವನು ನನ್ನನ್ನ ನೋಡೋ ನೋಟ ನೀನು ನೋಡಬೇಕು. ಅಷ್ಟು ಚೆನ್ನಾಗಿ ಕಣ್ಣು ಬಿಡೋಕೆ ಶುರು ಮಾಡಿದ್ದ. ನಿನ್ನ ಹೊಸ ಔಷಧಿಯ ಅರ್ಧವಾದ್ರೂ ಸಿಗ್ತಿತ್ತು ಅವನಿಗೆ, ಅದನ್ನೂ ನೀನೇ ಕಿತ್ತುಕೊಂಡೆ. ಸಾವಿರಾರು ಬೆಕ್ಕು ಅಂತೀಯ. ಆ ಸಾವಿರ ನನ್ನ ಅಂಗಡೀಲಿಲ್ಲ. ನನ್ನ ಹತ್ರ ಇರೋದು ಒಂದು, ಅದಕ್ಕಿರೋದು ಒಂದು.

ನಿನ್ನನ್ನ ಶಾಲೆಗೆ ಕಳಿಸುವಾಗ ಇಷ್ಟೊಂದು ಓದ್ತೀಯ ಅಂತ ಅಂದುಕೊಂಡಿರಲಿಲ್ಲ.

ಅಕ್ಕ


ಮಾರ್ಚ್ ಹದಿನಾಲ್ಕು

ಅಕ್ಕ,

ನೀನು ಹೇಳಿದ ದಿನವೇ ಇಲ್ಲಿಗೆ ಸುದ್ದಿ ಬಂತು. ನಮ್ಮ ದೊಡ್ಡ ಡಾಕ್ಟರು ನನ್ನನ್ನು ಕರೆದರು. ಬೈಯುತ್ತಾರೆ ಎಂದುಕೊಂಡು ಹೋದೆ. "ನಿಮ್ಮ ಅಕ್ಕ ತಾವಾಗಿಯೇ ಬಂದು ಹೇಳಿದರಂತೆ" ಎಂದರು. ಹೌದು ಎಂದೆ. ಅರ್ಧ ಸುಳ್ಳು ಹೇಳಿದ ಹಾಗಾಯಿತು. ಕೆಲವು ದಿನದ ಮೇಲೆ ನಿನ್ನ ಪತ್ರ ಬಂತು, ಓದಿದೆ. ಕೊನೆಯ ಸಾಲನ್ನು ಮತ್ತೆ ಓದಿದೆ.

ಹಳೆಯದೂ ಒಳ್ಳೆಯ ಔಷಧಿಯೇ. ತಪ್ಪಿಸದೆ ಹಾಕಬೇಕು ಅಷ್ಟೆ. ತಪ್ಪಿಸದೆ ಮಾಡುವುದರಲ್ಲಿ ನಿನ್ನನ್ನು ಮೀರಿಸಿದವರಿಲ್ಲ. ಚಿಕ್ಕವಳಿದ್ದಾಗ ನನಗೆ ಜ್ವರ ಬಂದರೆ, ನಿದ್ದೆಯಿಂದ ಎಬ್ಬಿಸಿ ನಿದ್ದೆ ಬಂತಾ ಎಂದು ಕೇಳುತ್ತಿದ್ದವಳು ನೀನು.

ಕಣ್ಣು ಹೇಗಿದೆ? ಈಗ ಕೇಳಬಹುದು.

ಗುಬ್ಬಿ


ಮಾರ್ಚ್ ಇಪ್ಪತ್ತೆಂಟು

ಹಾಗೇ ಇದೆ.

ಅಕ್ಕ


ಏಪ್ರಿಲ್ ಇಪ್ಪತ್ತು

ಗುಬ್ಬಿ,

ಹೋದ ಸಲ ಕಾರ್ಡಿನಲ್ಲಿ ಜಾಗ ಇರಲಿಲ್ಲ. ಇತ್ತು, ನನಗೆ ಮನಸ್ಸಿರಲಿಲ್ಲ.

ಹೊತ್ತು ಹೊತ್ತಿಗೆ ಒಬ್ಬಳ ಕೈಲಿ ಆಗಲ್ಲ ಅಂತ ಮೇಷ್ಟ್ರು ಮಧ್ಯಾಹ್ನದ ಪಾಳಿ ತಗೊಂಡಿದ್ದಾರೆ. ಅಂಗಡೀಲೇ ಕೂತು ಪೇಪರ್ ಓದ್ತಾರೆ, ಗಡಿಯಾರ ನೋಡ್ತಾರೆ, "ಟೈಲರಮ್ಮ, ಹೊತ್ತಾಯ್ತು" ಅಂತ ಶಾಲೆ ಗಂಟೆ ಥರ ಹೇಳ್ತಾರೆ. ನಾನು ಮಿಷನ್ ನಿಲ್ಲಿಸ್ತೀನಿ. ಪ್ಯಾಂಟು ತೆಗೆದ ಸದ್ದಿಗೇ ಸೊನ್ನೆ ಬೀರುವಿನ ಕೆಳಗೆ ಹೋಗ್ತಾಳೆ, ಇನ್ಸ್‌ಪೆಕ್ಟರು ಮಾತ್ರ ತಾನಾಗೇ ಬಂದು ಸೊಂಟದ ಹತ್ರ ನಿಲ್ತಾನೆ. ಬೇಗ ಮುಗಿಸಿ ಅಂತ ಇರಬೇಕು. ಗುಂಡಿ ಅಂಗಡಿಯವಳು ಮೇಷ್ಟ್ರ ಬಗ್ಗೆ ಏನೋ ಕಿಸಕ್ಕಂದ್ಲು. ನಾನು ಅವಳಿಗೆ, "ಅವರು ಬರೋದು ಪ್ಯಾಂಟಿಗೆ" ಅಂದೆ. ಅದು ಅವಳಿಗೆ ಬೇರೆ ಥರ ಕೇಳಿಸಿತೋ ಏನೋ, ಇನ್ನೂ ನಗ್ತಿದ್ದಾಳೆ.

ನೀರು ಸುರಿಯೋದು ನಿಂತಿದೆ. ಮೊನ್ನೆ ಗಿರಾಕಿಯೊಬ್ಬನನ್ನ ಮೊದಲಿನ ಹಾಗೇ ನೋಡಿದ, ಆ ಮನುಷ್ಯ ಕೇಳದೇನೇ ಹಳೇ ಬಾಕಿ ಕೊಟ್ಟ. ಆದ್ರೂ ನನಗೆ ಹೆದರಿಕೆ. ವಾಸಿಯಾಗೋ ಮುಂಚೆ ಹೀಗೇ ಆಗಿ ಆಮೇಲೆ ಹಾಳಾದ್ರೆ? ನಿನ್ನ ಹೊಸದಿದ್ದಿದ್ರೆ ಇಷ್ಟು ಹೊತ್ತಿಗೆ ಮುಗೀತಿತ್ತೇನೋ.

ಕೋಪ ಪೂರ್ತಿ ಹೋಗಿಲ್ಲ. ಹೋದಾಗ ಬರೀತೀನಿ.

ಅಕ್ಕ


ಆಗಸ್ಟ್ ಒಂಬತ್ತು

ಅಕ್ಕ,

ಪರೀಕ್ಷೆ ಮುಗಿಯಿತು. ನಿನ್ನೆ ಎಲ್ಲರೂ ಒಂದು ಕೋಣೆಯಲ್ಲಿ ಕೂತಿದ್ದಾಗ ಯಾವ ಸೀಸೆ ಯಾವುದು ಎಂದು ತೆರೆದು ಓದಿದರು. ಔಷಧಿ ಕೆಲಸ ಮಾಡುತ್ತದೆ. ಎಲ್ಲ ಬೆಕ್ಕಿಗೂ ಅಲ್ಲ, ಆದರೆ ನೀರು ಬಿಟ್ಟವುಗಳಿಗಿಂತ ನಮ್ಮದನ್ನು ಬಿಟ್ಟವುಗಳ ಹುಣ್ಣು ಬಹಳ ಬೇಗ ಮಾಯ್ದಿದೆ, ಉರಿ ಎಂದು ಯಾವುದೂ ಓಡಿಹೋಗಲಿಲ್ಲ. ಇನ್ನೂ ಮಾಡಬೇಕಾದ್ದು ಬೇಕಾದಷ್ಟಿದೆ. ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ನಾನು ಹೊರಗೆ ಹೋಗಿ ಫ್ರಿಜ್ಜಿನ ಪಕ್ಕ ಸ್ವಲ್ಪ ಹೊತ್ತು ನಿಂತಿದ್ದೆ.

ಈಗ ನಿನಗೆ ಹೇಳಬಹುದು. ಡಾಕ್ಟರನ್ನು ಕೇಳಿಯೇ ಹೇಳುತ್ತಿದ್ದೇನೆ, ಕೂತುಕೊಂಡು ಓದು.

ನಿನ್ನ ಸೀಸೆಯಲ್ಲಿ ಇದ್ದದ್ದು ನೀರು. ಮೇಷ್ಟ್ರ ಸೀಸೆಯಲ್ಲಿ ಇದ್ದದ್ದೂ ನೀರು.

ಬೆಳಗ್ಗೆ ನಿನ್ನ ನೀರು, ಸಂಜೆ ಅವರ ನೀರು. ಅಷ್ಟು ಶ್ರದ್ಧೆಯಿಂದ ಹಂಚಿಕೊಂಡದ್ದು ಅದನ್ನೇ. ಅರ್ಧ ಬೆಕ್ಕಿಗೆ ಔಷಧಿ ಎಂದರೆ ಎಲ್ಲ ಊರಿನ ಎಲ್ಲ ಬೆಕ್ಕುಗಳಲ್ಲಿ ಅರ್ಧ, ನಿಮ್ಮಿಬ್ಬರಲ್ಲಿ ಒಬ್ಬರು ಎಂದಲ್ಲ. ಮೇಷ್ಟ್ರಿಗೆ ನಿಧಾನವಾಗಿ ಹೇಳು, ವಯಸ್ಸಾಗಿದೆ.

ಇನ್ನೊಂದು ಮಾತನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಪ್ರತಿ ವಾರದ ತಪಾಸಣೆಯಲ್ಲಿ ಇನ್ಸ್‌ಪೆಕ್ಟರ ಹುಣ್ಣು ಹೆಚ್ಚೂ ಆಗಿರಲಿಲ್ಲ, ಕಡಿಮೆಯೂ ಆಗಿರಲಿಲ್ಲ. ಹೆಚ್ಚಾಗಿದ್ದರೆ ಆಗಲೇ ಹಳೇ ಔಷಧಿ ಕೊಡುತ್ತಿದ್ದರು. ಹಾಗೆಯೇ ಇದ್ದದ್ದರಿಂದ ಕೊನೆಯವರೆಗೂ ನೀರೇ ಸಿಗುತ್ತಿತ್ತು, ಅಷ್ಟರಲ್ಲಿ ಕಣ್ಣಿನ ಮೇಲೆ ಕಲೆ ಕಟ್ಟುತ್ತಿತ್ತು ಎಂದು ಡಾಕ್ಟರು ಹೇಳುತ್ತಾರೆ. ನೀನು ಹೋಗಿ ಹೇಳಿದ ದಿನ ಅವನಿಗೆ ಮೊದಲ ಸಲ ಔಷಧಿ ಬಿತ್ತು.

ಅದು ನನಗೂ ಗೊತ್ತಿರಲಿಲ್ಲ. ಅವನನ್ನು ಉಳಿಸುವುದಕ್ಕೆ ನಿನ್ನನ್ನು ಕಳಿಸಿದೆ ಎಂದು ಹೇಳಿಕೊಳ್ಳಲಾರೆ. ಅವತ್ತು ಪತ್ರ ಡಬ್ಬಿಗೆ ಹಾಕಿದ ಮೇಲೆ ಕೈ ಒಳಗೆ ತೂರಿಸಿ ವಾಪಸು ತೆಗೆಯಲು ನೋಡಿದೆ. ಕೈ ಹೋಗಲಿಲ್ಲ.

ಮುಂದಿನ ತಿಂಗಳು ರಜೆ ಸಿಗುತ್ತದೆ. ಬರುತ್ತೇನೆ. ಮನೆ ಒಪ್ಪ ಮಾಡಬೇಡ.

ಗುಬ್ಬಿ


ಆಗಸ್ಟ್ ಇಪ್ಪತ್ತು

ಗುಬ್ಬಿ,

ಕೂತುಕೊಂಡೇ ಓದಿದೆ. ಆಮೇಲೆ ಎದ್ದು ನಿಂತು ಓದಿದೆ. ಆಮೇಲೆ ಇನ್ಸ್‌ಪೆಕ್ಟರಿಗೆ ಓದಿ ಹೇಳಿದೆ. ಅವನು ಆಕಳಿಸಿದ.

ಮೇಷ್ಟ್ರಿಗೆ ನಿಧಾನವಾಗಿ ಹೇಳೋಣ ಅಂತ ಪೀಠಿಕೆ ಹಾಕೋ ಅಷ್ಟರಲ್ಲಿ ಬಾಯಿಂದ ಬಿದ್ದುಹೋಯ್ತು. ಅವರು ಚಾಕ್ ಕೇಳಿದ್ರು. ಎರಡೂ ಔಷಧಿ ಆಗಬಹುದು, ಎರಡೂ ನೀರಾಗಬಹುದು, ಇದು ಅದು ಆಗಬಹುದು, ಅದು ಇದು ಆಗಬಹುದು ಅಂತ ನಾಲ್ಕು ಸಾಲು ಬರೆದ್ರು. ಬರೆದು ಬಹಳ ಹೊತ್ತು ನೋಡಿದ್ರು. "ಈ ಲೆಕ್ಕಕ್ಕೇ ಎಷ್ಟು ಮಕ್ಕಳ ಕಿವಿ ಹಿಂಡಿದೀನಿ" ಅಂದ್ರು. ನಿನ್ನದು ಅದರಲ್ಲಿ ಇದೆಯಾ ಅಂತ ಕೇಳು ಅಂದ್ರು. ಇದ್ರೆ ಬಂದಾಗ ಅವರ ಕಿವಿ ಹಿಂಡಬಹುದಂತೆ.

ಆಮೇಲೆ ತಾವಾಗೇ ಎದ್ದು, "ಇದೇ ತಪ್ಪಿದ ಮೇಲೆ ಪ್ಯಾಂಟಿನ ಮಾತು ನಾನೇನು ಆಡಲಿ, ಅಳತೆ ತಗೊಳ್ಳಿ" ಅಂತ ನಿಂತ್ರು. ಟೇಪು ಹಿಡಿದೆ. ಒಂದು ಕಾಲು ಉದ್ದ ಬಂತು. ನೋಡಿದ್ರಾ ಅನ್ನೋಕೆ ಬಾಯಿ ತೆಗೆದೆ, ಆಗ ಕಂಡಿತು, ಮನುಷ್ಯ ಒಂದು ಕಡೆ ವಾಲಿಕೊಂಡು ನಿಂತಿದ್ದಾರೆ. ಜೀವಮಾನವೆಲ್ಲ ಕರಿಹಲಗೆಗೆ ಒರಗಿ ನಿಂತು ಅಭ್ಯಾಸ. ಬೆಂಚಿನ ಮೇಲೆ ಕೂರಿಸಿ ಕಾಲು ನೀಡಿಸಿ ಅಳೆದೆ. ಎರಡೂ ಒಂದೇ, ಒಂದು ನೂಲೂ ಹೆಚ್ಚು ಕಡಿಮೆ ಇಲ್ಲ. ಸೀಸೇನೂ ಎರಡೂ ಒಂದೇ, ಕಾಲೂ ಎರಡೂ ಒಂದೇ. ಇದನ್ನ ಬೇರೆ ಬೇರೆ ಅಂದುಕೊಂಡು ಇಷ್ಟು ವರ್ಷ ಇಬ್ಬರೂ ರಸ್ತೆಯ ಎರಡು ಕಡೆ ನಡೆದಿದ್ದೀವಿ. ಹೊಸ ಪ್ಯಾಂಟಿಗೆ ಬಟ್ಟೆ ಕೊಟ್ಟಿದ್ದಾರೆ. ಹಳೇದನ್ನ ವಾಪಸು ಕೊಡಲ್ಲ ಅಂದೆ, ಕೇಳಲೂ ಇಲ್ಲ.

ಮೊನ್ನೆ ಡಾಕ್ಟರಮ್ಮನ ಹತ್ರ ಕೊನೇ ಸಲ ಹೋಗಿ ಬಂದೆ. ಹಸಿರು ಬಿಟ್ರು, ದೀಪ ಆರಿಸಿದ್ರು, ನೀಲಿ ಬೆಳಕು ಹಿಡಿದ್ರು. ಎಲ್ಲೂ ಏನೂ ಹೊಳೀಲಿಲ್ಲ. ನಾನು ಆ ಕೊಂಬೆ ಹುಡುಕ್ತಾ ಹುಡುಕ್ತಾ ಅವನ ಕಣ್ಣೊಳಗೇ ನೋಡ್ತಿದ್ದೆ. ಅಲ್ಲಿ ಇದ್ದದ್ದು ನನ್ನ ಮುಖ, ಬಾಯಿ ತೆರೆದುಕೊಂಡು. ಕಲೆ ಇಲ್ಲ ಅಂದ್ರು ಡಾಕ್ಟರಮ್ಮ. ಈ ಸಲ ಸ್ಟೂಲು ಬೇಕಾಗಲಿಲ್ಲ, ಮೇಜು ಹಿಡಿದುಕೊಂಡೆ.

ಆದ್ರೆ ವೈರಸ್ಸು ಒಳಗೇ ಮಲಗಿರುತ್ತೆ, ಬೆಕ್ಕಿಗೆ ಗಾಬರಿ ಆದ್ರೆ ಮತ್ತೆ ಏಳಬಹುದು, ಅದಕ್ಕೇ ಅವನ ಮುಂದೆ ನೀವು ಚಿಂತೆ ಮಾಡಬೇಡಿ ಅಂದ್ರು. ನನಗೆ ಚಿಂತೆ ಮಾಡಬೇಡ ಅಂದ್ರೆ ಹೇಗೆ, ಉಸಿರಾಡಬೇಡ ಅಂದ ಹಾಗೆ. ಅದಕ್ಕೊಂದು ಏರ್ಪಾಡು ಮಾಡಿಕೊಂಡಿದ್ದೀನಿ. ಅಂಗಡಿಯೊಳಗೆ ಇರೋ ತನಕ ಒಂದು ಚಿಂತೇನೂ ಇಲ್ಲ, ಹಾಡು ಗುನುಗ್ತೀನಿ, ಗಿರಾಕಿಗಳಿಗೆ ನನ್ನ ಗುರುತೇ ಸಿಗ್ತಿಲ್ಲ. ತೀರಾ ತಡೀಲಿಕ್ಕೆ ಆಗದಿದ್ರೆ ಬಾಗಿಲು ಎಳೆದುಕೊಂಡು ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು, ಎಲ್ಲ ಚಿಂತೇನೂ ಮಾಡಿ ಮುಗಿಸಿ ಒಳಗೆ ಹೋಗ್ತೀನಿ. ಸೊನ್ನೆಯ ಕಣ್ಣೂ ವಾಸಿ, ಮೇಷ್ಟ್ರದೂ ಅದೇ ಕಥೆ, ಅವರ ಮನೆಗೆ ಮೆಟ್ಟಿಲಿಲ್ಲ, ಆದ್ದರಿಂದ ಸಂಜೆ ಇಲ್ಲಿಗೇ ಬರ್ತಾರೆ.

ಕೋಪ ಹೋಯ್ತು. ಹೋದಾಗ ಬರೀತೀನಿ ಅಂದಿದ್ನಲ್ಲ.

ನೀನು ಬರೋ ಬಸ್ಸು ತಡ ಆದ್ರೆ, ಮಳೆ ಬಂದ್ರೆ, ನೀನು ತೆಳ್ಳಗಾಗಿದ್ರೆ, ಎಲ್ಲವನ್ನೂ ಈಗಲೇ ಯೋಚನೆ ಮಾ‌ಡ್ತಿದ್ದೀನಿ, ಅದಕ್ಕೇ ಅಕ್ಷರ ಸೊಟ್ಟಗಿದೆ, ತೊಡೆ ಮೇಲೆ ಇಟ್ಟುಕೊಂಡು ಬರೀತಿದ್ದೀನಿ. ಬಾಗಿಲ ಗಾಜಿನ ಹಿಂದೆ ಇನ್ಸ್‌ಪೆಕ್ಟರು ಕೂತು, ಕಣ್ಣು ಕಿರಿದು ಮಾಡಿ, ನಿನ್ನೆ ಎಲ್ಲಿದ್ದೆ ಅಂತ ನನ್ನನ್ನೇ ನೋಡ್ತಿದ್ದಾನೆ.

ಮೆಟ್ಟಿಲ ಮೇಲಿಂದ,
ಅಕ್ಕ